ಕಮಲಾಪುರದ ಮೆತ್ತನೆಯ ಚಾಕುಗಳು

ಫಸಲಿ ೧೩೪೫ರಲ್ಲಿ, ಅಂದರೆ ಇಸವಿ ೧೯೩೫ರ ಸುಮಾರಿಗೆ, ಕಲಬುರಗಿಯ ಒಂದು ದವಾಖಾನೆಗೆ ತುಕ್ಕು ಹಿಡಿಯದ ಉಕ್ಕಿನ ನಲವತ್ತು ಆಪರೇಷನ್ ಚಾಕುಗಳು ಬೇಕಾದವು. ಕಮಲಾಪುರದ ಕಮ್ಮಾರ ಭೀಮಶಾ ಒಪ್ಪಿಕೊಂಡ. ವಿಲಾಯಿತಿ ತಗಡನ್ನು ಕತ್ತರಿಸಿ, ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಕಳಿಸಿಕೊಟ್ಟ. ಕುಲುಮೆಗೆ ಗಾಳಿಯ ತಿದಿ ಒತ್ತಿದವಳು ಹೆಂಡತಿ ಪುತಳಾಬಾಯಿ.

ಮಾಲು ಹೋದ ಮೇಲೆ ಮನೆಯಲ್ಲಿ ಉಳಿದ ಒಂದು ಚಾಕುವನ್ನು ಅವಳು ಬೆರಳಿನಿಂದ ಬಾಗಿಸಿ ನೋಡಿದಳು. ಬಾಗಿದ್ದು ಬಾಗಿದಂತೆಯೇ ಉಳಿಯಿತು.

“ಇದು ಬದನಿಕಾಯಿ ಸುದ್ದಾ ಕೊಯ್ಯಂಗಿಲ್ಲ. ಮಂದಿ ಹೊಟ್ಟಿ ಕೊಯ್ತಾರೇನು?”

ಭೀಮಶಾ ಮುಂಜಾನೆಯ ಮೋಟಾರು ಹಿಡಿದು ಕಲಬುರಗಿಗೆ ಹೋದ. ಸರ್ಕಾರಿ ಮಾಲಿನ ತಪಾಸಣೆ ಮಾಡುವ ಸಲಾವುದ್ದೀನ್ ಸಾಹೇಬರು ಆಗಲೇ ಎಲ್ಲವನ್ನೂ ಪಾಸು ಮಾಡಿದ್ದರು. ಅವರ ಯಂತ್ರ ವಜ್ರದ ಮೊನೆಯನ್ನು ಉಕ್ಕಿಗೆ ಒತ್ತಿ, ಅದು ಇಳಿದ ಆಳದಿಂದ ಗಡಸುತನ ಹೇಳುತ್ತಿತ್ತು. ಐವತ್ತು ದಾಟಿದರೆ ಮಾಲು ಪಾಸು.

“ಸಾಹೇಬ್ರೆ, ಮಾಲು ಮೆತ್ತಗದ. ಫೇಲ್ ಮಾಡ್ರಿ.”

“ಮಶೀನ್ ಐವತ್ತೆರಡು ತೋರ್ಸ್ಯಾದ. ಖುಷಿಲಿಂದ ಮನಿಗಿ ಹೋಗು.”

“ಚಾಕು ತಿರುವಿ ನೋಡ್ರಿ.”

ಸಾಹೇಬರು ತಿರುವಿದರು. ಮೊನೆ ಒತ್ತಿದ ಜಾಗದ ಹಿಂಬದಿಯಲ್ಲಿ ಸಣ್ಣದೊಂದು ಗುಬುಟು ಎದ್ದಿತ್ತು. ತಗಡು ತೀರಾ ತೆಳು. ಮೊನೆಯ ಒತ್ತಡ ಅದನ್ನು ದಾಟಿ ಕೆಳಗಿದ್ದ ಯಂತ್ರದ ಉಕ್ಕಿನ ಪೀಠಕ್ಕೆ ಮುಟ್ಟಿತ್ತು.

“ನೀವು ಅಳದದ್ದು ನಿಮ್ಮ ಪೀಠರಿ. ಅದು ಗಟ್ಟಿ ಅದ, ಅದರಾಗ ತಕರಾರಿಲ್ಲ.”

ಭೀಮಶಾ ಚೀಲದಿಂದ ಒಂದು ತುಂಡು ತೆಗೆದ. ಅದೇ ಉಕ್ಕು, ಅದೇ ಬೆಂಕಿ, ಅದೇ ಎಣ್ಣೆ; ದಪ್ಪ ಮಾತ್ರ ಕಿರುಬೆರಳಿನಷ್ಟು. ಯಂತ್ರ ಇಪ್ಪತ್ತೆಂಟು ತೋರಿಸಿತು. ಸಾಹೇಬರು ಮೂರು ಸಲ ಒತ್ತಿದರು. ಮೂರು ಸಲವೂ ಇಪ್ಪತ್ತೆಂಟೇ. ಅವರು ಎದ್ದು ಹೋಗಿ ನೀರು ಕುಡಿದು ಬಂದರು.

“ಇಪ್ಪತ್ತು ವರ್ಷದ ನೌಕರಿದಾಗ ಫೇಲ್ ಮಾಡ್ರಿ ಅಂತ ಬಂದಾಂವ ನೀನೊಬ್ಬನೇ,” ಎಂದು ಪಾಸು ಚೀಟಿ ಹರಿದರು.

ವಾರದ ನಂತರ ಅವರೇ ಕಮಲಾಪುರಕ್ಕೆ ಬಂದು ಕುಲುಮೆಯ ಮುಂದೆ ಕುಳಿತರು. ನೇಗಿಲ ಗುಳದಂತೆ ಕೆಂಪಗೆ ಕಾಯಿಸಿದರೆ ಈ ಉಕ್ಕಿಗೆ ಸಾಲದು, ಕಿತ್ತಳೆ ಬಣ್ಣ ದಾಟಿ ಹಳದಿಗೆ ಬರಬೇಕು ಎಂದರು. ಪುತಳಾಬಾಯಿ ಸಂಜೆಯವರೆಗೆ ತಿದಿ ಒತ್ತಿದಳು. ಸಾಹೇಬರ ಶೇರವಾನಿಗೆ ಎರಡು ಕಿಡಿ ಹತ್ತಿ ತೂತು ಬಿದ್ದವು. ಅವರು ಕೊಡವಿಕೊಂಡು ಅಲ್ಲೇ ಕುಳಿತರು. ಈ ಸಲ ಜೊತೆಗೆ ಕಾಯಿಸಿದ ದಪ್ಪ ತುಂಡು ಕಲಬುರಗಿಯ ಯಂತ್ರದಲ್ಲಿ ಐವತ್ತಮೂರು ತೋರಿಸಿತು. ಚಾಕುಗಳು ದವಾಖಾನೆ ಸೇರಿದವು.

ಎರಡು ತಿಂಗಳಾದ ಮೇಲೆ ಹೈದರಾಬಾದಿನ ಮೇಲಧಿಕಾರಿಗಳಿಂದ ಸಾಹೇಬರಿಗೆ ಕಾಗದ ಬಂತು. ಮೊದಲ ಮಾಲು ತಿರಸ್ಕರಿಸಿದ ಕಾರಣದ ಜಾಗದಲ್ಲಿ ‘ಮಾಲು ಮಾಡಿದವನ ವಿನಂತಿಯ ಮೇರೆಗೆ’ ಎಂದಿದೆ, ಇದು ಬರೆಯುವಾಗಿನ ಕೈತಪ್ಪೇ ಎಂದು ಕೇಳಿದ್ದರು.

ಅಲ್ಲ ಎಂದು ಸಲಾವುದ್ದೀನ್ ಉತ್ತರ ಬರೆದರು.