ಆರು ತಿಂಗಳ ಸಹಿ

"ಮಂಡಿ ಈಗ ಮಡಚ್ರಿ, ಆಮ್ಯಾಲ ಬಗ್ಗೂದಿಲ್ಲ," ಎಂದು ರೇವಣಪ್ಪ ತನ್ನ ಸತ್ತ ಅಣ್ಣನ ಬಲಗಾಲನ್ನು ಎರಡೂ ಕೈಯಿಂದ ಹಿಡಿದು ಒಳಕ್ಕೆ ಒತ್ತಿದ. ನೆರೆಯವರಿಬ್ಬರು ಹೆಣದ ಬೆನ್ನನ್ನು ಗೋಡೆಗೆ ಆನಿಸಿದರು. ಚಂಪಾ ಅಪ್ಪನ ಎದೆಗೆ ಬಿಳಿ ಪಂಚೆ ಸುತ್ತಿ, ತುದಿಗಳನ್ನು ಕಿಟಕಿಯ ಸರಳಿಗೆ ಬಿಗಿದು ಕಟ್ಟಿದಳು. ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿಯೇ ಒಯ್ಯುತ್ತಾರೆ, ಕೂರಿಸಿಯೇ ಹೂಳುತ್ತಾರೆ. ಹಣೆಗೆ ವಿಭೂತಿ, ಅಂಗೈಯಲ್ಲಿ ಲಿಂಗ. ನಾಸಿಕ್‌ನ ಪಂಚವಟಿಯ ಆ ಒಂದೇ ಖೋಲಿಯ ಮನೆಯಲ್ಲಿ ಮನ್ಮಥಪ್ಪ ಯಾರಿಗೋ ಕಾಯುತ್ತಿರುವವನ ಹಾಗೆ ಕೂತ.

ಪಕ್ಕದ ಮನೆಯ ಈರಮ್ಮ ಹುಣಸೆಹಣ್ಣು ಹಚ್ಚಿ ಅವನ ಉಗುರು ತಿಕ್ಕುತ್ತಿದ್ದಳು. "ಜೀವ ಹೋದ್ರೂ ಈ ಎಣ್ಣಿ ಹೋಗವಲ್ದು ನೋಡು, ಶಾಂತಾಬಾಯಿ. ಕೈ ನೋಡಿ ಶಿವ ಮತ್ತ ರಿಪೇರಿಗೇ ಕೂಡಸ್ತಾನ."

"ಸ್ಟೋ ರಿಪೇರಿಗಿ ಕೂಡಸ್ಲಿ," ಎಂದಳು ಶಾಂತಾಬಾಯಿ, ಅಳುತ್ತಲೇ. "ವಿಮಾನ ಮಾತ್ರ ಬ್ಯಾಡಪ್ಪಾ ಬ್ಯಾಡ."

ಗಲ್ಲಿಯವರ ಪಾಲಿಗೆ ಅವಳ ಗಂಡ ಸ್ಟೋವ್ ಮತ್ತು ನೀರಿನ ಪಂಪು ರಿಪೇರಿ ಮಾಡುವವ. ವಿಮಾನ ರಿಪೇರಿ ಮಾಡಲು ಸರಕಾರ ಕೊಟ್ಟ ಲೈಸೆನ್ಸ್ ಅವನಲ್ಲಿದೆ ಎಂದರೆ ಹುಡುಗರು ಕೂಡ ನಗುತ್ತಿದ್ದರು.

ಗಲ್ಲಿಯ ತುದಿಯಲ್ಲಿ ಕಾರು ನಿಂತಿತು. "ಸುಧಾಕರ ಸಾಹೇಬ್ರು!" ಎಂದು ರೇವಣಪ್ಪ ಗಡಬಡಿಸಿ ಎದ್ದ. "ಎಷ್ಟ ದೊಡ್ಡ ಮನಸ್ಸು ನೋಡ್ರಿ." ಸಾಹೇಬರು ಕರಾವಳಿಯ ಕಡೆಯವರು. ನಾಸಿಕ್‌ನಲ್ಲಿ ಅವರ ಹೋಟೆಲ್ಲಿತ್ತು. ಔರಂಗಾಬಾದಿನ ಚಿಕಲಠಾಣಾದಲ್ಲಿ ಹೊಲಗಳಿಗೆ ಔಷಧಿ ಹೊಡೆಯುವ ಎರಡು ವಿಮಾನಗಳಿದ್ದವು. ಅವರು ಹಾರ ಹಿಡಿದು ಹೊಸ್ತಿಲಲ್ಲಿ ನಿಂತರು. ಚಂಪಾ ಏಳಲಿಲ್ಲ. ಅಪ್ಪ ಕೂತಿದ್ದು ಸಾಹೇಬರು ನಿಂತಿದ್ದನ್ನು ಅವಳು ಇದೇ ಮೊದಲು ನೋಡಿದಳು.

*

1965ರ ಚಳಿಗಾಲದಲ್ಲಿ, ವೈಜಾಪುರದ ಹತ್ತಿಹೊಲದ ಮೇಲೆ, ಸಾಹೇಬರ ವಿಮಾನ ಕರೆಂಟಿನ ತಂತಿಗೆ ತಗುಲಿ ಬಿತ್ತು. ಹಾರಿಸುತ್ತಿದ್ದವನು ಅವರ ತಂಗಿಯ ಗಂಡ. ಅವನಿಗೆ ಒಂದು ಗೀರೂ ಆಗಲಿಲ್ಲ. ಪೆಟ್ಟೆಲ್ಲ ಅವರಲ್ಲಿ ಮೆಕ್ಯಾನಿಕ್ ಆಗಿದ್ದ ಮನ್ಮಥಪ್ಪನಿಗೆ ಬಿತ್ತು. ಮೆಕ್ಯಾನಿಕ್ ಎಂಜಿನ್ ಸರಿಯಾಗಿ ನೋಡಿರಲಿಲ್ಲ ಎಂದು ಸಾಹೇಬರು ಹೇಳಿದರು. ವಿಚಾರಣೆಯಲ್ಲಿ ಆ ಮಾತು ನಿಲ್ಲಲಿಲ್ಲ, ಲೈಸೆನ್ಸ್ ಉಳಿಯಿತು. ನೌಕರಿ ಉಳಿಯಲಿಲ್ಲ. ಬೇರೆ ಯಾರೂ ಕೆಲಸ ಕೊಡಲಿಲ್ಲ.

ಆದರೆ ಆ ಲೈಸೆನ್ಸ್ ಪೆಟ್ಟಿಗೆಯಲ್ಲಿ ಇಟ್ಟರೆ ಉಳಿಯುವಂಥದ್ದಲ್ಲ. ಎರಡು ವರ್ಷದಲ್ಲಿ ಆರು ತಿಂಗಳಾದರೂ ವಿಮಾನದ ಮೇಲೆ ಕೆಲಸ ಮಾಡಿರಬೇಕು, ಮಾಡಿದ್ದಾನೆಂದು ವಿಮಾನದವರು ಸಹಿ ಹಾಕಿ ಕೊಡಬೇಕು. ತಪ್ಪಿದರೆ ಮತ್ತೆ ಮುಂಬಯಿಗೆ ಹೋಗಿ, ಮೀಸೆ ಮೂಡದ ಹುಡುಗರ ನಡುವೆ ಪರೀಕ್ಷೆಗೆ ಕೂರಬೇಕು. ಕೈಗೆಟಕುವ ವಿಮಾನ ಇದ್ದದ್ದು ಸಾಹೇಬರಲ್ಲಿ ಮಾತ್ರ. ಮನ್ಮಥಪ್ಪ ಅವರ ಬಾಗಿಲಿಗೇ ಹೋದ. ಚಳಿಗಾಲ ಬಂತೆಂದರೆ ಚಿಕಲಠಾಣಾದಲ್ಲಿ ಸಂಬಳವಿಲ್ಲದೆ ದುಡಿದ. ಅವರು ದುಡಿಸಿಕೊಂಡರು, ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳಲಿಲ್ಲ. ಆ ತಿಂಗಳುಗಳಲ್ಲಿ ಒಲೆ ಉರಿಯಲೆಂದು ಚಂಪಾ ಏಳನೆಯ ತರಗತಿಗೇ ಶಾಲೆ ಬಿಟ್ಟು ಅವ್ವನ ಜೊತೆ ಹಪ್ಪಳ ಲಟ್ಟಿಸಲು ಕೂತಳು.

ಒಮ್ಮೆ ಹಪ್ಪಳ ಕೊಡಲು ಹೋಟೆಲಿಗೆ ಹೋದಾಗ ಅವಳು ಅಪ್ಪನನ್ನು ಅಲ್ಲಿ ಕಂಡಳು. ಸಾಹೇಬರು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು. ಅಪ್ಪ ಕಾಗದ ಹಿಡಿದು ಎದುರಿಗೆ ನಿಂತಿದ್ದ.

"ಓ, ನಮ್ಮ ಎಂಜಿನಿಯರು! ಸಹಿಗೆ ಎಂತ ಅರ್ಜೆಂಟು ಮಾರಾಯ? ಹೊರಗೆ ನನ್ನ ಕಾರು ಧೂಳು ಹಿಡಿದದ್ದು ಕಾಣ್ಲಿಲ್ವಾ?"

ವೇಟರುಗಳು ನಕ್ಕರು. ಅಪ್ಪ ಅಂಗಿಯ ತೋಳು ಮಡಚಿ ಬಕೆಟ್ಟು ತೆಗೆದುಕೊಂಡು ಹೋಗಿ ಕಾರು ತೊಳೆದ. ಆಮೇಲೆ ಸಹಿ ಬಿತ್ತು.

ಮನೆಯ ಹಾದಿಯಲ್ಲಿ ಅವನು ಬೇರೆಯೇ ಮಾತಾಡಿದ. "ಈ ಸಲ ಎಂಜಿನ್ನು ಭಾಳ ಛಲೋ ಓಡ್ತದ ನೋಡು. ಸದ್ದು ಹಂಗ ಬೆಣ್ಣಿ."

"ನಿನಗ ಸಿಟ್ಟು ಬರೂದಿಲ್ಲೇನಪ್ಪಾ?"

"ಸಿಟ್ಟಿಗಿ ಕೈ ನಡಗ್ತಾವ, ಚಂಪಾ. ನಡಗೋ ಕೈಲೆ ಸ್ಪ್ಯಾನರ್ ಹಿಡಿಯಾಕ ಬರೂದಿಲ್ಲ."

ಹಾಗಾದರೆ ಅಪ್ಪನ ಪಾಲಿನ ಸಿಟ್ಟನ್ನೂ ತಾನೇ ಇಟ್ಟುಕೊಳ್ಳಬೇಕು ಎಂದುಕೊಂಡಳು ಅವಳು. ಇಟ್ಟುಕೊಂಡಳು.

*

ಸಾಹೇಬರು ಬಗ್ಗಿ ಹಾರ ಹಾಕಿದರು. ಜನ ನೋಡುತ್ತಿದ್ದಾರೆಂದು ಪಾದ ಮುಟ್ಟಿದರು. ಆಮೇಲೆ ಚಂಪಾಳನ್ನು ಬಚ್ಚಲಿನ ಕಡೆ ಕರೆದರು.

"ನಿನ್ನ ಅಪ್ಪನ ಸೀಲು ಉಂಟಲ್ಲ ಮಗಾ, ಲೈಸೆನ್ಸ್ ನಂಬರಿನದ್ದು? ಒಮ್ಮೆ ಕೊಡು. ನಮ್ಮ ಮೆಕ್ಯಾನಿಕ್ ಬಿಟ್ಟು ಹೋದ. ಹತ್ತಿಗೆ ಹುಳ ಬಿದ್ದಿದೆ, ಲೈಸೆನ್ಸಿನವನ ಸೀಲು-ಸಹಿ ಇಲ್ಲದೆ ಪ್ಲೇನು ಹಾರಿಸ್ಲಿಕ್ಕೆ ಬಿಡುವುದಿಲ್ಲ. ಇವನನ್ನೇ ಕರೆಯುವ ಅಂತ ಇದ್ದೆ."

"ಅಪ್ಪ ಹೋಗ್ಯಾನಲ್ರಿ."

"ಇವತ್ತು ಹೋದದ್ದಲ್ವಾ? ನಿನ್ನೆ ಇದ್ದನಲ್ಲ. ನಿನ್ನೆಯ ತಾರೀಕು ಹಾಕುವ. ಸಹಿ ನಾನು ಮಾಡಿಸ್ತೇನೆ."

ಚಂಪಾ ಅವರಿಗೆ ಎಂದೂ ಎದುರುತ್ತರ ಕೊಟ್ಟವಳೇ ಅಲ್ಲ. ಈಗ ನೆಲ ನೋಡುತ್ತ ಹೇಳಿದಳು: "ಮೊದಲ ಅಪ್ಪಗ ಹೆಗಲು ಕೊಡ್ರಿ. ಎಲ್ಲಾ ಮುಗದ ಮ್ಯಾಲ ನನ್ನ ಹತ್ರ ಬರ್ರಿ."

"ನಾನಾ? ಹೆಗಲಾ?"

"ಬೂಟು ಬಿಡಬೇಕಾಗ್ತದ್ರಿ."

ಸಾಹೇಬರು ಹೊಸ್ತಿಲಲ್ಲಿ ಕೂತು ಲೇಸು ಬಿಚ್ಚುವಷ್ಟರಲ್ಲಿ ಅವಳು ಪೆಟ್ಟಿಗೆ ತೆರೆದು ರಬ್ಬರಿನ ಸೀಲು ತೆಗೆದು, ಅಪ್ಪನ ಸ್ನಾನಕ್ಕೆ ನೀರು ಕಾಸಿದ ಒಲೆಗೆ ಹಾಕಿದಳು. ಕೆಂಡ ಇನ್ನೂ ಇತ್ತು.

"ಏನೇ ಅದು, ಸುಟ್ಟ ನಾತ?" ಎಂದಳು ಈರಮ್ಮ.

"ಹರದ ಚಪ್ಪಲಿ, ಈರಮ್ಮಾ."

ಶಾಂತಾಬಾಯಿ ತೆರೆದ ಪೆಟ್ಟಿಗೆ ನೋಡಿದಳು, ಹೊಸ್ತಿಲಲ್ಲಿದ್ದ ಸಾಹೇಬರನ್ನು ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದು ಬಂದು ಒಲೆಗೆ ಇನ್ನೊಂದು ಕಟ್ಟಿಗೆ ತುರುಕಿದಳು.

*

ಬಿದಿರಿನ ಕುರ್ಜಿನಲ್ಲಿ ಮನ್ಮಥಪ್ಪನನ್ನು ಕೂರಿಸಿ ನಾಲ್ವರು ಎತ್ತಿದರು. ಮುಂದಿನ ಬಲಗಡೆ ಸಾಹೇಬರು. ಗೋದಾವರಿಯ ದಂಡೆಯ ಹಾದಿ ಹಿಡಿಯಲು ರೇವಣಪ್ಪ ತಿರುಗಿದಾಗ ಚಂಪಾ ಅಂದಳು, "ಕಾಕಾ, ಹೋಟೆಲ್ ಮುಂದಿನಿಂದ ಹೋಗೂಣ್ರಿ."

"ದೂರ ಆಗ್ತದಲ್ಲವ್ವಾ!"

"ಅಪ್ಪ ಅಲ್ಲಿ ಭಾಳ ಸಲ ನಿಂತಾನ. ಇವತ್ತು ಕೂತು ಹೋಗ್ಲಿ."

ಬಿಸಿಲಿಗೆ ಡಾಂಬರು ಕಾದಿತ್ತು. ಸಾಹೇಬರು ಬರಿಗಾಲಿನಲ್ಲಿ ಕುಪ್ಪಳಿಸುತ್ತ ನಡೆದರು. ಹೋಟೆಲಿನ ಮುಂದೆ ವೇಟರುಗಳು ಕೈಯ ತಟ್ಟೆ ಸಮೇತ ಹೊರಗೆ ಬಂದರು. ತಮ್ಮ ಧಣಿಯ ಹೆಗಲ ಮೇಲೆ, ಎತ್ತರದಲ್ಲಿ, ಹಾರ ಹಾಕಿಕೊಂಡು ಕೂತವನು ಯಾರೆಂದು ಅವರಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಒಬ್ಬ ಟವಲು ಬಾಯಿಗೆ ಒತ್ತಿಕೊಂಡ.

"ಹೆಗಲು ಬದಲು ಮಾಡುವ," ಎಂದರು ಸಾಹೇಬರು, ಏದುಸಿರು ಬಿಡುತ್ತ.

"ಇರ್ಲಿ ಸಾಹೇಬ್ರ," ಎಂದ ರೇವಣಪ್ಪ. "ನಿಮ್ಮ ಪ್ರೀತಿ ನಮಗ ಗೊತ್ತದ!"

ಕುರ್ಜು ಇಳಿದದ್ದು ರುದ್ರಭೂಮಿಯಲ್ಲೇ. ಹೆಣವನ್ನು ಗುಂಡಿಯಲ್ಲಿ ಕೂರಿಸಿ, ಸುತ್ತ ಬಿಲ್ವಪತ್ರೆ ತುಂಬಿದರು. ಅಯ್ಯನವರು ಮಂತ್ರ ಹೇಳುತ್ತಿದ್ದರು. ಸಾಹೇಬರು ಮೆಲ್ಲಗೆ ಚಂಪಾಳ ಪಕ್ಕಕ್ಕೆ ಸರಿದರು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಸೀಲು?" ಎಂದು ಪಿಸುಗುಟ್ಟಿ, ಯಾರಿಗೂ ಕಾಣದಂತೆ ಕೈ ಚಾಚಿದರು.

ಚಂಪಾ ಬಗ್ಗಿ ಕರಿಮಣ್ಣನ್ನು ಎರಡೂ ಕೈಯಲ್ಲಿ ಬಾಚಿ ಆ ಅಂಗೈಯಲ್ಲಿ ತುಂಬಿದಳು. ಆಮೇಲೆ ಯಾರೂ ಅವಳಿಂದ ಕೇಳಿರದಷ್ಟು ದೊಡ್ಡ ದನಿಯಲ್ಲಿ ಹೇಳಿದಳು:

"ಕಾಕಾ, ಹಾದಿ ಬಿಡ್ರಿ. ಮೊದಲ ಸಾಹೇಬ್ರು ಮಣ್ಣು ಕೊಡ್ತಾರಂತ."

ಜನ ಎರಡೂ ಕಡೆ ಸರಿದರು. ಅಯ್ಯನವರು ಮಂತ್ರ ನಿಲ್ಲಿಸಿ ಕತ್ತೆತ್ತಿದರು. ಸಾಹೇಬರ ಕೈ ಚಾಚಿದಂತೆಯೇ ಇತ್ತು. ಬೆರಳಿನ ಸಂದಿಯಿಂದ ಮಣ್ಣು ಸುರಿದು ಅವರದೇ ಬರಿಗಾಲಿನ ಮೇಲೆ ಬೀಳುತ್ತಿತ್ತು.