ಬಾಯಿಬಿಟ್ಟು ಕೇಳು

ನಾದಿನಿ ವೆಂಕಟರತ್ನಮ್ಮನಿಗೂ ತನ್ನದೇ ಕಾಯಿಲೆ ಬಂದು, ಬೆಂಗಳೂರಿನಲ್ಲಿ ಕರೆಂಟು ಕೊಟ್ಟರಂತೆ ಎಂದು ಕೇಳಿದಾಗ ಅಕ್ಕಯಮ್ಮನಿಗೆ ಹೊಟ್ಟೆ ತಣ್ಣಗಾಯಿತು. ಮಾಡಿದ್ದುಣ್ಣೋ ಮಹರಾಯ ಅಂತ ಹಿರಿಯರು ಸುಮ್ಮನೆ ಹೇಳಿದರೇ?

ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದ ವರ್ಷ ಅಕ್ಕಯಮ್ಮನಿಗೆ ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಆಗಿತ್ತು. ಕರೆಂಟು, ಅಂದರೆ ರೇಡಿಯೇಷನ್, ಮುಗಿದ ಮೇಲೆ ನರ್ಸಮ್ಮ ನುಣುಪಾದ ಪ್ಲಾಸ್ಟಿಕ್ ಕೊಳವೆಯೊಂದನ್ನು ಕೊಟ್ಟಿದ್ದಳು. ಕರೆಂಟಿನಿಂದ ಯೋನಿಯ ದಾರಿ ಕೂಡಿಕೊಳ್ಳುತ್ತದೆ, ಜೆಲ್ಲಿ ಹಚ್ಚಿ ಇದನ್ನು ವಾರದಲ್ಲಿ ಎರಡು ಮೂರು ಸಲ ಒಳಗಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಡಾಕ್ಟರಿಗೆ ಪರೀಕ್ಷೆ ಮಾಡುವುದಕ್ಕೂ ಆಗುವುದಿಲ್ಲ ಎಂದಿದ್ದಳು. ಚಿಂತಾಮಣಿಯಿಂದ ಶಿಡ್ಲಘಟ್ಟದ ತವರಿಗೆ ಬಂದ ನಾದಿನಿಯ ಕೈಗೆ ಅದು ಸಿಕ್ಕಿತು. "ಈ ವಯಸ್ಸಲ್ಲಿ ಇವಳಿಗೆ ಎಂಥಾ ಚಪಲ ನೋಡ್ರಮ್ಮ" ಎಂದು ರೇಷ್ಮೆ ನೂಲು ಬಿಚ್ಚುವ ಹೆಂಗಸರಿಗೆಲ್ಲ ಎತ್ತಿ ತೋರಿಸಿ, ಗೂಡು ಬೇಯಿಸುವ ಒಲೆಗೆ ಎಸೆದಳು.

ನಾಚಿಕೆಗೆ ಅಕ್ಕಯಮ್ಮ ಆಸ್ಪತ್ರೆಯಲ್ಲಿ ಇನ್ನೊಂದು ಕೊಳವೆ ಕೇಳಲಿಲ್ಲ. ದಾರಿ ಬಿಗಿದುಕೊಂಡಿತು. ಮುಂದಿನ ತಪಾಸಣೆಯಲ್ಲಿ ಮಂಚದ ಕಂಬಿ ಹಿಡಿದು ಕೂಗಿದ ಕೂಗು ಅವಳಿಗೆ ಈಗಲೂ ಕೇಳುತ್ತದೆ. ಸಣ್ಣ ಕೊಳವೆಯಿಂದ ಮತ್ತೆ ಶುರುಮಾಡಿ, ಅತ್ತೂ ಅತ್ತೂ ಸರಿಮಾಡಿಕೊಳ್ಳುವಷ್ಟರಲ್ಲಿ ಸಾಕುಸಾಕಾಯಿತು.

ಈಗ ಅದೇ ನಾದಿನಿ ಶಿಡ್ಲಘಟ್ಟಕ್ಕೆ ಬಂದು, ಅದೇ ಒಲೆಗಳ ಹತ್ತಿರ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಾಳೆ.

"ಒಳಕ್ಕೆ ಬಾ ಅತ್ಗೆ, ಒಂದು ಮಾತೈತೆ."

"ಅವತ್ತು ಇಲ್ಲೇ ನಿಂತ್ಕೊಂಡು ತೋರಿಸ್ದೆ ಕಣಮ್ಮ. ಇವತ್ತು ಇಲ್ಲೇ ನಿಂತ್ಕೊಂಡು ಕೇಳು."

ಒಲೆಗಳ ಮುಂದಿದ್ದ ಹೆಂಗಸರ ಕೈ ನಿಂತವು.

"ಆ ಕೊಳವೆ ನಂಗೂ ಕೊಟ್ಟವ್ರೆ. ಒಂದ್ಸಲ ಇಟ್ಕೊಂಡೆ, ರಕ್ತ ಕಾಣಿಸ್ತು. ಭಯ ಆಗಿ ಬಿಟ್ಬಿಟ್ಟೆ."

"ಎಲ್ಲಿ ಇಟ್ಕೊಂಡೆ? ಕೇಳಿಸ್ಲಿಲ್ಲ."

ವೆಂಕಟರತ್ನಮ್ಮ ಹೇಳಿದಳು. ಎಲ್ಲರಿಗೂ ಕೇಳುವಂತೆ ಹೇಳಿದಳು. ಅಕ್ಕಯಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹಾಗೇ ವಾಪಸು ಕಳಿಸಿಬಿಡಬೇಕು, ಇವಳಿಗೂ ಬಿಗಿದುಕೊಳ್ಳಲಿ, ಇವಳೂ ಕಂಬಿ ಹಿಡಿದು ಕೂಗಲಿ ಎಂದೇ ಅವಳು ಇಷ್ಟು ದಿನ ಕಾದಿದ್ದು. ಆದರೆ ಹಾಳಾದ್ದು, ಆ ಕೂಗು ನೆನೆದರೆ ಕಿವಿಯಲ್ಲಿ ಏಳುವುದು ಅವಳದೇ ದನಿ.

"ಒಂದೆರಡು ತೊಟ್ಟು ಬಂದ್ರೆ ಹೆದರ್ಬೇಡ. ಜಾಸ್ತಿ ಹೋದ್ರೆ ಡಾಕ್ಟ್ರ ಹತ್ರ ಓಡು. ಸಣ್ಣದ್ರಿಂದ ಶುರುಮಾಡು, ಧಾರಾಳವಾಗಿ ಜೆಲ್ಲಿ ಹಚ್ಚು. ಕಾಲು ಮಡಚಿ ಮಲ್ಕೊಂಡು ನಿಧಾನಕ್ಕೆ ಉಸಿರು ಬಿಡು, ಬಲವಂತ ಮಾಡ್ಬೇಡ. ಆದ್ರೆ ನಿಲ್ಲಿಸ್ಬೇಡ."

"ತಪ್ಪಾಯ್ತು ಅತ್ಗೆ" ಎಂದು ವೆಂಕಟರತ್ನಮ್ಮ ಬಗ್ಗಿದಳು. ಅಕ್ಕಯಮ್ಮ ಕಾಲು ಹಿಂದಕ್ಕೆಳೆದುಕೊಂಡಳು.

"ಹೇಳ್ಕೊಡೋದು ಬೇರೆ, ಕ್ಷಮಿಸೋದು ಬೇರೆ. ಹೇಳ್ಕೊಟ್ಟಿದೀನಿ. ಬಸ್ಸಿಗೆ ಹೊತ್ತಾಯ್ತು, ಹೊರಡು."

ತವರಿಗೆ ಬಂದ ಹೆಣ್ಣುಮಗಳನ್ನು ಕುಂಕುಮವನ್ನೂ ಕೊಡದೆ ಕಳಿಸಿದಳು.