ಶೆಡ್ಡಿಗೆ ಬೀಗ

ಭಾನುವಾರ ಬೆಳಿಗ್ಗೆ ಆ ಗಾಡಿ ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಕೆಮ್ಮಿತು. ತೊಕುಜಿ ಕಿಕ್ ತುಳಿದು ತುಳಿದು ಸುಸ್ತಾಗಿ, ಇನ್ನು ಸಾಕು ಅನ್ನುವಾಗ ಸೈಲೆನ್ಸರಿನಿಂದ ನೀಲಿ ಹೊಗೆ ಕಾರಿ, ಡುಗುಡುಗು ಎಂದು ನಾಲ್ಕು ಸಲ ಸದ್ದು ಮಾಡಿ ನಿಂತಿತು. ಅಷ್ಟಕ್ಕೇ ಅವನ ಕಣ್ಣು ತುಂಬಿ ಬಂತು. ಅಪ್ಪ ಕೊಂಡ ಗಾಡಿ ಅದು, ಈ ಹಮಾಮತ್ಸು ಊರಿನಲ್ಲಿ ಬೀದಿಗೊಂದು ಮೋಟಾರ್ ಸೈಕಲ್ ಕಾರ್ಖಾನೆ ಇದ್ದ ಕಾಲದ್ದು. ಅಪ್ಪ ಹೋದಂದಿನಿಂದ ಹಿತ್ತಲಿನ ಶೆಡ್ಡಿನಲ್ಲಿ ಈರುಳ್ಳಿ ಬುಟ್ಟಿಗಳ ಹಿಂದೆ ನಿಂತಲ್ಲೇ ನಿಂತಿತ್ತು. ಬಸ್ ಓಡಿಸುವ ಕೆಲಸದಿಂದ ನಿವೃತ್ತನಾದ ಮೇಲೆ ತೊಕುಜಿ ಅದರ ತುಕ್ಕು ಉಜ್ಜಲು ಕೂತಿದ್ದ.

ಮರುದಿನ ಕಿಕ್ ಹೊಡೆದರೆ ಉಸಿರೇ ಇಲ್ಲ. ನೋಡಿದರೆ ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚಿತ್ತು. ತಾನೇ ಸರಿಯಾಗಿ ಹಾಕಿರಲಿಕ್ಕಿಲ್ಲ ಎಂದುಕೊಂಡ. ಎರಡು ದಿನ ಬಿಟ್ಟು ಮತ್ತೆ ಅದೇ ಕಥೆ. ಈ ಸಲ ಕಾರ್ಬ್ಯುರೇಟರ್ ಬಿಚ್ಚಿದಾಗ, ಪೆಟ್ರೋಲನ್ನು ಹದವಾಗಿ ಬಿಡುವ ಹಿತ್ತಾಳೆಯ ಪುಟ್ಟ ಜೆಟ್ ಅಲ್ಲಿರಲಿಲ್ಲ. ಅದು ತಾನಾಗಿ ಕಳಚಿ ಬೀಳುವಂಥದ್ದಲ್ಲ. ಸ್ಕ್ರೂಗಳ ಮೇಲೆ ಒಂದು ಗೀರೂ ಇಲ್ಲ. ಕೆಲಸ ಬಲ್ಲವರ ಕೈ.

ಕೆಲಸ ಬಲ್ಲವನು ಬೇಲಿಯಾಚೆಯೇ ಇದ್ದ. ಪಕ್ಕದ ಮನೆಯ ಕಮೆಯಾಮಾ ಮೊನ್ನೆಮೊನ್ನೆಯವರೆಗೂ ಗಾಡಿ ರಿಪೇರಿ ಅಂಗಡಿ ಇಟ್ಟಿದ್ದವನು. "ನಾನೂ ಕೈ ಹಾಕ್ಲೇನೋ ತೊಕು?" ಎಂದು ದಿನಾ ಇಣುಕುತ್ತಿದ್ದ. ತೊಕುಜಿ ಬೇಡವೆಂದಿದ್ದ. ಅದಕ್ಕೇ ಇವನಿಗೆ ಹೊಟ್ಟೆಕಿಚ್ಚು! ಹೀಗೆ ಅನ್ನಿಸಿದ್ದೇ ತಡ, ಕಮೆಯಾಮಾ ಆ ವಾರವೆಲ್ಲ ಮಾಡಿದ್ದು, ಆಡಿದ್ದು ಎಲ್ಲದರಲ್ಲೂ ತೊಕುಜಿಗೆ ಕಳ್ಳತನವೇ ಕಾಣತೊಡಗಿತು. ಅವನು ನಕ್ಕಿದ್ದು ಯಾಕೆ? ಗಿಡಕ್ಕೆ ನೀರು ಹಾಕಲು ಬೇಲಿಯ ಈ ಮೂಲೆಗೇ ಯಾಕೆ ಬರಬೇಕು?

"ಜೆಟ್ ವಾಪಸ್ ಕೊಟ್ಬಿಡು," ಎಂದ ತೊಕುಜಿ ಬೇಲಿ ಹತ್ತಿರ ನಿಂತು.

"ಯಾವ ಜೆಟ್ಟೋ?"

"ನಾಟಕ ಆಡ್ಬೇಡ. ಈ ಕೇರೀಲಿ ಅದನ್ನ ಬಿಚ್ಚೋಕೆ ಬರೋದು ನಿನಗೊಬ್ಬನಿಗೇ."

ಕಮೆಯಾಮಾನ ಕೈಯಲ್ಲಿದ್ದ ನೀರಿನ ಪೈಪು ಅವನ ಚಪ್ಪಲಿಯ ಮೇಲೆಯೇ ಸುರಿಯುತ್ತಿತ್ತು. "ಊರವರ ಗಾಡಿಯೆಲ್ಲ ನನ್ನ ಅಂಗಡೀಲಿ ಮಲಗಿದ್ದು ಎದ್ದು ಹೋಗಿವೆ. ಒಂದು ಮೊಳೆ ಕಡಿಮೆ ಆಯ್ತು ಅಂದೋರಿಲ್ಲ," ಎಂದವನು ನಲ್ಲಿ ನಿಲ್ಲಿಸಿ ಒಳಗೆ ಹೋದ. ಮಾರನೆಯ ದಿನದಿಂದ ಎದುರು ಸಿಕ್ಕರೂ ಮುಖ ತಿರುಗಿಸತೊಡಗಿದ.

ತೊಕುಜಿ ಹೊಸ ಜೆಟ್ ತರಿಸಿ ಹಾಕಿ, ಶೆಡ್ಡಿಗೆ ಬೀಗ ಜಡಿದು, ಕೀಲಿಯನ್ನು ಅಡುಗೆಮನೆಯ ಗೂಟಕ್ಕೆ ನೇತುಹಾಕಿದ. ಆ ಜೆಟ್ಟೂ ಹೋಯಿತು. ಬೀಗ ಮಾತ್ರ ಹಾಕಿದ ಹಾಗೇ ಇತ್ತು.

ಈಗ ಅವನಿಗೆ ನಿಜವಾಗಿ ಹೆದರಿಕೆಯಾಯಿತು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿದ್ದದ್ದು ಅವನು ಮತ್ತು ಎಂಬತ್ತು ದಾಟಿದ ತಾಯಿ ಕಿಯೊ ಮಾತ್ರ. ಅಮ್ಮನಿಗೆ ಸಾರಿಗೆ ಹಾಕುವ ಮಿಸೊ ಡಬ್ಬಿಯ ಮುಚ್ಚಳ ತೆಗೆಯಲೂ ಮಗ ಬೇಕು. ಆದರೂ ಮತ್ತೊಂದು ಜೆಟ್ ತರಿಸಿ ಹಾಕಿದ ಮರುದಿನ ಮಧ್ಯಾಹ್ನ, "ಕೇರಿಯ ಸ್ನಾನದ ಮನೆಗೆ ಹೋಗಿ ಬರ್ತೀನಮ್ಮ," ಎಂದು ಟವೆಲ್ ಹೆಗಲಿಗೇರಿಸಿ ಬೀದಿ ತುದಿಯವರೆಗೆ ಹೋದವನು ಹಿತ್ತಲ ದಾರಿಯಲ್ಲಿ ಹಿಂದಿರುಗಿ ಬಂದ. ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ಮಣೆಯ ಮೇಲೆ ಕೂತ ಅಮ್ಮ, ಸ್ಕ್ರೂಡ್ರೈವರ್ ಹಿಡಿದು, ಕಣ್ಣು ಮುಚ್ಚಿಕೊಂಡು ಕಾರ್ಬ್ಯುರೇಟರ್ ತಡವುತ್ತಿದ್ದಳು.

"ಬಂದ್ಯಾ?" ಎಂದಳು ತಿರುಗದೆಯೇ. "ನಿಂತು ನೋಡೋ ಬದ್ಲು ಆ ಬಟ್ಟೆ ಕೊಡು. ಕೈಯೆಲ್ಲ ಪೆಟ್ರೋಲು."

"ಅಮ್ಮ! ಇದನ್ನ ಬಿಚ್ಚೋಕೆ ನಿನಗೆ ಹೇಗೆ ಬರುತ್ತೆ?"

"ನಿನ್ನ ಹೆರೋಕ್ ಮುಂಚೆ ಬೆಳಗಿಂದ ಸಂಜೆವರೆಗೂ ಇವನ್ನೇ ಜೋಡಿಸ್ತಿದ್ದೆ ಕಣೋ. ನಿಮ್ಮಪ್ಪನ್ನ ಕಂಡಿದ್ದೂ ಆ ಕಾರ್ಖಾನೇಲೇ. ನೀನು ಯಾವತ್ತು ಕೇಳಿದ್ದೆ?"

"ಮತ್ತೆ ಇದೆಲ್ಲ ಯಾಕೆ?"

ಅಮ್ಮ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡಳು. "ಬಲಗಣ್ಣು ಯಾವಾಗಿಂದ ಕಾಣ್ತಿಲ್ಲ?"

ತೊಕುಜಿ ಬಗ್ಗಿ ನೆಲದ ಮೇಲಿದ್ದ ಸ್ಕ್ರೂಗಳನ್ನು ಆರಿಸತೊಡಗಿದ.

"ಚಹಾನ ಲೋಟದ ಆಚೆ ಸುರೀತೀಯ. ನಿನ್ನ ಕಾರಿನ ಬಲಮಗ್ಗುಲೆಲ್ಲ ಗೀರು. ನಾನು ಬಲಕ್ಕೆ ಕೂತ್ರೆ ಎಲ್ಲಿದ್ದೀಯಮ್ಮ ಅಂತೀಯ. ಕಮೆಯಾಮಾನ್ನ ಹತ್ರ ಸೇರಿಸದೇ ಇದ್ದಿದ್ದೂ ಅದಕ್ಕೇ ತಾನೇ, ಅವನಿಗೆ ಗೊತ್ತಾಗುತ್ತೆ ಅಂತ?"

"ಬಾಯಿಬಿಟ್ಟು ಹೇಳಿದ್ರೆ ಆಗ್ತಿರ್ಲಿಲ್ವಾ?"

"ಹೇಳಿದ್ರೆ, ಇಷ್ಟು ವರ್ಷ ಬಸ್ ಓಡಿಸ್ದೋನು ನಾನು ಅಂತ ಎಗರಾಡ್ತಿದ್ದೆ."

ಅವನಿಗೆ ಸಿಟ್ಟು ಬಂತು, ಅದರ ಬೆನ್ನಿಗೇ ನಾಚಿಕೆ, ಆಮೇಲೆ ಯಾರಿಗೂ ಹೇಳದೆ ಹೊತ್ತು ತಿರುಗಿದ ಭಾರ ಇಳಿದ ಹಾಗೆ ಏನೋ. ಈರುಳ್ಳಿ ಬುಟ್ಟಿಯ ಮೇಲೆಯೇ ಕುಳಿತುಬಿಟ್ಟ.

"ಕಮೆಯಾಮಾಗೆ ಕಳ್ಳ ಅಂದ್ಬಿಟ್ಟೆನಲ್ಲಮ್ಮ. ನೀನು ಕೇಳಿಸ್ಕೊಂಡೂ ಸುಮ್ಮನಿದ್ದೆ."

"ಅದು ನನ್ನ ತಪ್ಪೇ," ಎಂದಳು ಕಿಯೊ. "ನಡಿ, ನಾನೂ ಬರ್ತೀನಿ."

ಕಿತ್ತಳೆ ಹಣ್ಣಿನ ಚೀಲ ಹಿಡಿದು ಇಬ್ಬರೂ ಬೇಲಿ ಬಳಸಿ ಹೋದರು. ಕಮೆಯಾಮಾ ಒಳಗೆ ಕರೆಯಲಿಲ್ಲ. ತೊಕುಜಿ ಎಲ್ಲ ಹೇಳಿ, ತಪ್ಪಾಯಿತೆಂದು ಸೊಂಟ ಬಗ್ಗಿಸಿ ನಿಂತ. ಪಕ್ಕದಲ್ಲಿ ಅಮ್ಮನೂ ಬಗ್ಗಿದಳು.

"ಏಳಿ ಅಜ್ಜಿ, ನೀವು ಏಳಿ," ಎಂದು ಕಮೆಯಾಮಾ ಗಾಬರಿಯಾದ. ತೊಕುಜಿಗೆ ಮಾತ್ರ, "ನೀನು ಇನ್ನೊಂದ್ ಸ್ವಲ್ಪ ಹೊತ್ತು ಹಾಗೇ ಇರು," ಎಂದ. ಆಮೇಲೆ ಹೇಳಿದ: "ಮೊದ್ಲು ಕಣ್ಣಿನ ಡಾಕ್ಟ್ರು. ಗಾಡಿ ಮಾತು ಆಮೇಲೆ."

ಡಾಕ್ಟರು ಹೆಚ್ಚು ಆಸೆ ಹುಟ್ಟಿಸಲಿಲ್ಲ. ಬಲಗಣ್ಣಿನಲ್ಲಿ ಹೋದದ್ದು ಹೋಯಿತು, ಔಷಧಿ ಹಾಕುತ್ತಿದ್ದರೆ ಎಡಗಣ್ಣು ಉಳಿಯುತ್ತದೆ ಎಂದರು. ತೊಕುಜಿ ತನ್ನ ಲೈಸೆನ್ಸನ್ನು ಪೊಲೀಸ್ ಠಾಣೆಗೆ ಒಪ್ಪಿಸಿ, ನಡೆದುಕೊಂಡೇ ಮನೆಗೆ ಬಂದ.

ಶನಿವಾರ ಕಮೆಯಾಮಾ ತನ್ನ ಹಳೆಯ ರಿಪೇರಿ ಸಾಮಾನಿನ ಪೆಟ್ಟಿಗೆ ಹೊತ್ತು ಬಂದ. ಎರಡನೇ ಕಿಕ್ಕಿಗೇ ಗಾಡಿ ಹತ್ತಿಕೊಂಡಿತು. "ಒಂದು ಸುತ್ತು ನೋಡಿ ಬರ್ತೀನಿ," ಎಂದು ಅವನು ಹೊರಟ. ಸದ್ದು ತಿರುವಿನಾಚೆ ಕರಗಿತು. ತೊಕುಜಿ ಗೇಟಿನ ಹತ್ತಿರ ಕಾದ. ಸುತ್ತು ಮುಗಿಯುವ ಹೊತ್ತಾಯಿತು, ಮತ್ತಷ್ಟು ಹೊತ್ತಾಯಿತು, ಸದ್ದಿಲ್ಲ. ಮೊದಲಿಂದಲೂ ಅವನ ಕಣ್ಣು ಈ ಗಾಡಿಯ ಮೇಲೇ ಇತ್ತಲ್ಲವೇ? ಹಾಗೇ ಹೊತ್ತುಕೊಂಡು ಹೋಗಿಬಿಟ್ಟನೇ? ಅಥವಾ ಎಲ್ಲಾದರೂ ಬಿದ್ದನೇ?

"ಪೆಟ್ರೋಲ್ ಎಷ್ಟು ಹಾಕಿದ್ದೆ?" ಎಂದು ಅಮ್ಮ ಜಗಲಿಯಿಂದ ಕೇಳಿದಳು.

ಅಷ್ಟರಲ್ಲಿ ಏರಿನ ಬುಡದಲ್ಲಿ ಕಮೆಯಾಮಾ ಕಂಡ. ಹ್ಯಾಂಡಲ್ ಹಿಡಿದು, ಬೆವರು ಸುರಿಸುತ್ತಾ, ಗಾಡಿ ತಳ್ಳಿಕೊಂಡು ಬರುತ್ತಿದ್ದ.

"ಟ್ಯಾಂಕಲ್ಲಿ ಒಂದ್ ತೊಟ್ಟೂ ಇಲ್ವಲ್ಲೋ ದರಿದ್ರ! ಅಲ್ಲೇನ್ ನೋಡ್ತಾ ನಿಂತಿದ್ದೀಯ, ಬಾರೋ ಹಿಂದ್ಗಡೆಯಿಂದ ತಳ್ಳು!"

ತೊಕುಜಿ ಇಳಿಜಾರಿನಲ್ಲಿ ಓಡಿದ.